ಬೆಟ್ಟಕ್ಕೆ ಎಷ್ಟು ಜನ? ನಮ್ಮೂರು ಲೆಕ್ಕ ಹಾಕಿದ ಬಗೆ

ಬೇರೆ ಊರುಗಳ ಪಂಚಾಯಿತಿ ಸದಸ್ಯರು, ಹೋಂಸ್ಟೇ ನಡೆಸುವವರು ಆಗಾಗ ನನಗೆ ಫೋನ್ ಮಾಡುತ್ತಾರೆ. ನಮ್ಮೂರ ಬೆಟ್ಟಕ್ಕೂ ಜನ ಬರೋ ಹಾಗೆ ಮಾಡಬೇಕು, ಎಲ್ಲಿಂದ ಶುರು ಮಾಡೋದು ಅಂತ ಕೇಳುತ್ತಾರೆ. ನಾನು ತಿರುಗಿ ಕೇಳುವುದು ಒಂದೇ ಪ್ರಶ್ನೆ: ದಿನಕ್ಕೆ ಎಷ್ಟು ಜನ ಬರಬೇಕು? ಹೆಚ್ಚಿನವರು ಇದನ್ನು ಯೋಚಿಸಿರುವುದಿಲ್ಲ. "ಎಷ್ಟು ಬಂದ್ರೂ ಒಳ್ಳೇದೇ ಅಲ್ವಾ ಮೇಡಂ" ಅನ್ನುತ್ತಾರೆ. ಒಳ್ಳೆಯದಲ್ಲ. ಮೊದಲು ಸಂಖ್ಯೆ ನಿರ್ಧಾರ ಆಗಬೇಕು. ಬೋರ್ಡು, ಗೇಟು, ಫೋಟೊ, ಜಾಹೀರಾತು ಎಲ್ಲ ಆಮೇಲೆ. ಆ ಸಂಖ್ಯೆಯನ್ನು ಬೆಟ್ಟದ ಮೇಲೆ ನಿಂತು ಹುಡುಕಿದರೆ ಸಿಗುವುದಿಲ್ಲ. ಕೆಳಗಿನ ಊರಿನ ರಸ್ತೆ, ಬಾವಿ, ಕಕ್ಕಸು, ಕಸದ ಗುಂಡಿ ನೋಡಿದರೆ ಸಿಗುತ್ತದೆ.

ನಮ್ಮದು ಮೂಡಿಗೆರೆ ತಾಲೂಕಿನ ಘಟ್ಟದ ಅಂಚಿನ ಸಣ್ಣ ಊರು. ಕಾಫಿ, ಕಾಳುಮೆಣಸು, ತಗ್ಗಿನಲ್ಲಿ ಒಂದಿಷ್ಟು ಗದ್ದೆ. ಊರ ಹಿಂದೆ ಹುಲ್ಲಿನ ಬೆಟ್ಟ, ಅದರ ಸಂದುಗಳಲ್ಲಿ ಶೋಲಾ ಕಾಡು. ಊರಿನ ಹೆಸರನ್ನು ಬೇಕಂತಲೇ ಬರೆಯುತ್ತಿಲ್ಲ. ಈಗ ಬರುತ್ತಿರುವಷ್ಟು ಜನ ನಮಗೆ ಸಾಕು. ನನಗೆ ಚಿಕ್ಕ ತೋಟವಿದೆ, ಮನೆಗೆ ಅಂಟಿಕೊಂಡ ಹಾಗೆ ಒಂದು ಹೋಂಸ್ಟೇ ಇದೆ. ಊರಿನ ಪ್ರವಾಸೋದ್ಯಮ ಸಮಿತಿಯ ಲೆಕ್ಕಪತ್ರ, ಪಂಚಾಯಿತಿ ಮತ್ತು ಅರಣ್ಯ ಇಲಾಖೆಯ ಜೊತೆಗಿನ ಓಡಾಟ ನನ್ನ ಪಾಲಿನ ಕೆಲಸ.

ನಮಗೆ ಬಿಸಿ ತಟ್ಟಿದ್ದು ಡಿಸೆಂಬರ್ ಕೊನೆಯ ವಾರದಲ್ಲಿ. ಕಾಫಿ ನಾಡಿನವರಿಗೆ ಅದು ಹಣ್ಣು ಕೊಯ್ಯುವ ಕಾಲ. ಬೆಳಗ್ಗೆ ಆಳುಗಳನ್ನು ತರುವ ಜೀಪು, ಸಂಜೆ ಹಣ್ಣನ್ನು ಸಿಪ್ಪೆ ಬಿಡಿಸುವ ಪಲ್ಪರಿಗೆ ಸಾಗಿಸುವ ಪಿಕಪ್ಪು, ಕಣದಲ್ಲಿ ಜಾಗವಿಲ್ಲದಷ್ಟು ಕೆಲಸ. ನಗರದವರಿಗೆ ಅದೇ ವಾರ ಕ್ರಿಸ್‌ಮಸ್ ರಜೆ. ಬೆಟ್ಟದ ವಿಡಿಯೊ ಯಾರೋ ಮೊಬೈಲಿನಲ್ಲಿ ಹಾಕಿದ್ದರು, ಅದು ಎಲ್ಲ ಕಡೆ ಓಡಾಡಿತ್ತು. ನಮ್ಮ ರಸ್ತೆ ಒಂದು ಗಾಡಿ ಹೋಗುವಷ್ಟು ಅಗಲ. ಮಾರಮ್ಮನ ಗುಡಿಯ ಹತ್ತಿರ ಒಂದು ತಿರುವಿದೆ. ಅಲ್ಲಿ ಎರಡು ಕಾರು ಎದುರುಬದುರಾದರೆ ಒಬ್ಬರು ಹಿಂದಕ್ಕೆ ಹೋಗಲೇಬೇಕು. ಆ ವಾರ ಹಿಂದಕ್ಕೆ ಹೋಗಲು ಜಾಗವೇ ಇರಲಿಲ್ಲ, ಹಿಂದೆಯೂ ಕಾರು. ಹಾಲಿನ ವ್ಯಾನು ಬರಲಿಲ್ಲ, ಕೊಯ್ದ ಹಣ್ಣು ಚೀಲದಲ್ಲೇ ಬಿಸಿಯಾಗಿ ಹುಳಿ ಬಂತು. ತೋಟದ ಕೆಲಸಗಾರರ ಲೈನ್ ಮನೆಯಲ್ಲಿದ್ದ ಒಬ್ಬ ಬಾಣಂತಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಲು ಊರ ಹುಡುಗರು ಕಾರುಗಳ ಸಾಲಿನ ಪಕ್ಕ ಕುರ್ಚಿಯಲ್ಲಿ ಹೊತ್ತುಕೊಂಡು ನಡೆದರು. ಆ ರಾತ್ರಿಯೇ ಊರಿನವರು ಡೇರಿ ಮುಂದೆ ಸೇರಿದೆವು.

ಬೇರೆ ಊರುಗಳ ಪಾಠ ನಮ್ಮ ಮುಂದೆ ಆಗಲೂ ಇತ್ತು, ಆಮೇಲೂ ಬರುತ್ತಾ ಹೋಯಿತು. 2022ರಲ್ಲಿ ಚಂದ್ರದ್ರೋಣ ಸಾಲಿನಲ್ಲಿ ನೀಲಕುರಿಂಜಿ ಅರಳಿದಾಗ ನಮ್ಮದೇ ಜಿಲ್ಲೆಯ ಬೆಟ್ಟಗಳ ಮೇಲೆ ಜನ ಹೇಗೆ ಮುಗಿಬಿದ್ದರು ಅಂತ ನೋಡಿದ್ದೆವು. 2024ರ ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರ ಪರ್ವತದ ದಾರಿಯಲ್ಲಿ ಜನ ಸಾಲುಗಟ್ಟಿದ ವಿಡಿಯೊ ಎಲ್ಲರೂ ನೋಡಿದ್ದರು. ಅದಾದ ಮೇಲೆಯೇ ಸರ್ಕಾರ ಆನ್‌ಲೈನ್ ಬುಕಿಂಗ್ ಇಲ್ಲದ ಕಡೆ ಚಾರಣ ನಿಲ್ಲಿಸಿತು. ಊಟಿ, ಕೊಡೈಕೆನಾಲ್‌ಗೆ 2024ರ ಮೇ ತಿಂಗಳಿನಿಂದ ಇ-ಪಾಸ್ ಬಂತು. ಮರುವರ್ಷ ಮದ್ರಾಸ್ ಹೈಕೋರ್ಟ್ ಸಂಖ್ಯೆಯನ್ನೂ ಹೇಳಿತು: ನೀಲಗಿರಿಗೆ ವಾರದ ದಿನ 6,000, ವಾರಾಂತ್ಯಕ್ಕೆ 8,000 ವಾಹನ. ಮುಳ್ಳಯ್ಯನಗಿರಿ, ಸೀತಾಳಯ್ಯನಗಿರಿ ಕಡೆಗೂ 2025ರ ಸೆಪ್ಟೆಂಬರಿನಿಂದ ದಿನಕ್ಕೆ 1,200 ವಾಹನದ ಮಿತಿ ಇದೆ, ಬೆಳಗ್ಗೆ 600, ಮಧ್ಯಾಹ್ನ 600. ಇವೆಲ್ಲ ಜನ ತುಂಬಿ ತುಳುಕಿದ ಮೇಲೆ ಬಂದ ಮಿತಿಗಳು. ನಮ್ಮಂಥ ಸಣ್ಣ ಊರು ಅಲ್ಲಿಯವರೆಗೆ ಕಾಯಲು ಆಗುವುದಿಲ್ಲ. ಕಾದರೆ ಉಳಿಸಿಕೊಳ್ಳಲು ಏನೂ ಇರುವುದಿಲ್ಲ.

ಸಂಖ್ಯೆ ಹಾಕಲು ನಾನು ಹಿಡಿದ ದಾರಿ ಹೊಸದೇನಲ್ಲ. ಮಿಗೆಲ್ ಸಿಫುಯೆಂತೆಸ್ ಎಂಬುವರು 1992ರಲ್ಲಿ ಕೋಸ್ಟರಿಕಾದಲ್ಲಿ ರೂಪಿಸಿದ ಧಾರಣಾ ಸಾಮರ್ಥ್ಯದ ಲೆಕ್ಕ ಅದು, ಅಂದರೆ ಒಂದು ಜಾಗ ಎಷ್ಟು ಜನರನ್ನು ತಡೆದುಕೊಳ್ಳುತ್ತದೆ ಅನ್ನುವ ಲೆಕ್ಕ. ಕಾಡುದಾರಿಗಳಿಗೆ ಇವತ್ತಿಗೂ ಜಗತ್ತಿನ ಎಷ್ಟೋ ಕಡೆ ಅದನ್ನೇ ಬಳಸುತ್ತಾರೆ. ಪೆನ್ನು, ಕಾಗದ, ಟೇಪು ಇದ್ದರೆ ಸಾಕು. ಒಂದು ಉದಾಹರಣೆಯಲ್ಲಿ ಹೇಳುತ್ತೇನೆ, ನಿಮ್ಮ ದಾರಿಗೆ ನಿಮ್ಮ ಅಂಕಿ ಹಾಕಿಕೊಳ್ಳಿ.

ದಾರಿ 2,000 ಮೀಟರ್ ಉದ್ದ ಅಂದುಕೊಳ್ಳಿ. ಹತ್ತು ಜನರ ಗುಂಪು ನಡೆಯುವಾಗ 10 ಮೀಟರ್ ಹಿಡಿಯುತ್ತದೆ. ಒಂದು ಗುಂಪಿನ ಗಲಾಟೆ ಇನ್ನೊಂದಕ್ಕೆ ಕೇಳಿಸಬಾರದು ಅಂದರೆ ನಡುವೆ 90 ಮೀಟರ್ ಬಿಡಬೇಕು. ಅಲ್ಲಿಗೆ ಒಂದು ಗುಂಪಿಗೆ 100 ಮೀಟರ್, ದಾರಿಯ ಮೇಲೆ ಒಂದು ಹೊತ್ತಿಗೆ 20 ಗುಂಪು, 200 ಜನ. ಬೆಟ್ಟ ತೆರೆದಿರುವುದು 8 ಗಂಟೆ, ಹೋಗಿ ಬರಲು 4 ಗಂಟೆ. ಹಾಗಾಗಿ ದಿನಕ್ಕೆ ಎರಡು ಸರದಿ, 400 ಜನ. ಇದು ಬರೀ ಜಾಗದ ಲೆಕ್ಕ. ಈಗ ಕಳೆಯುತ್ತಾ ಬನ್ನಿ. 8 ಗಂಟೆಯಲ್ಲಿ 2 ಗಂಟೆ ಕಾವಳ (ದಟ್ಟ ಮಂಜು) ಕವಿದು ದಾರಿ ಕಾಣುವುದಿಲ್ಲ ಅಂದರೆ ಕಾಲುಭಾಗ ಹೋಯಿತು, ಉಳಿದದ್ದು 300. 2,000 ಮೀಟರಿನಲ್ಲಿ 400 ಮೀಟರ್ ಮಣ್ಣು ಕೊಚ್ಚಿಹೋಗಿದೆ ಅಂದರೆ ಐದರಲ್ಲಿ ಒಂದು ಪಾಲು ಹೋಯಿತು, 240. ಕೊನೆಯದು ನಿಭಾಯಿಸುವ ಶಕ್ತಿ. ಗೈಡ್ ಎಷ್ಟು ಜನ ಇದ್ದಾರೆ, ಕಕ್ಕಸು ಎಷ್ಟಿದೆ, ಗಾಡಿ ನಿಲ್ಲಿಸಲು ಎಲ್ಲಿ ಜಾಗ? ದಿನಕ್ಕೆ 30 ಕಾರಿಗಷ್ಟೇ ಜಾಗ ಇದೆ, ಕಾರಿಗೆ ನಾಲ್ಕು ಜನ ಅಂದರೆ 120.

400ರಿಂದ 120ಕ್ಕೆ ಇಳಿದಿದ್ದು ನೋಡಿ. ಬೆಟ್ಟ 240 ಜನರನ್ನು ತಡೆದುಕೊಳ್ಳಬಹುದು, ಊರು ತಡೆದುಕೊಳ್ಳುವುದು ಅದರ ಅರ್ಧ. ಜಾಗದ ಲೆಕ್ಕವನ್ನೇ ಹಿಡಿದುಕೊಂಡು 'ಇನ್ನೂ ಎಷ್ಟೋ ಜನ ಹಿಡಿಯುತ್ತಾರೆ' ಅನ್ನುವವರು ಎಲ್ಲ ಊರಲ್ಲೂ ಇರುತ್ತಾರೆ. ಅವರ ಮುಂದೆ ಈ ಕಳೆಯುವ ಲೆಕ್ಕವನ್ನು ಬೋರ್ಡಿನ ಮೇಲೆ ಬರೆದು ತೋರಿಸಬೇಕು. ನಮ್ಮ ಗ್ರಾಮಸಭೆಯಲ್ಲಿ ಶಾಲೆಯ ಮೇಷ್ಟ್ರು ಬಳಪ ಹಿಡಿದು ಬರೆದರು. ಒಂದೊಂದು ಸಂಖ್ಯೆ ಕಡಿಮೆಯಾದಾಗಲೂ ಯಾಕೆ ಅಂತ ಊರಿನವರೇ ಹೇಳಿದರು. ಕಾವಳದ ಹೊತ್ತನ್ನು ದನ ಮೇಯಿಸುವವರು ಹೇಳಿದರು. ಮಣ್ಣು ಹೋದ ಜಾಗಗಳನ್ನು ಹುಲ್ಲು ತರುವ ಹೆಂಗಸರು ಹೇಳಿದರು. ಹಾಗೆ ಬಂದ ಸಂಖ್ಯೆ ಊರಿನದ್ದಾಯಿತು. ಹೊರಗಿನಿಂದ ತಜ್ಞರು ಬಂದು ಇದೇ ಸಂಖ್ಯೆ ಹೇಳಿದ್ದರೆ ಒಂದು ವಾರವೂ ನಿಲ್ಲುತ್ತಿರಲಿಲ್ಲ ಅಂತ ನಾನು ಖಂಡಿತ ಹೇಳುತ್ತೇನೆ.

ಸಂಖ್ಯೆ ಜಾರಿಗೆ ಬರುವುದು ಪಾರ್ಕಿಂಗ್ ಜಾಗದಲ್ಲಿ. ಬೆಟ್ಟದ ಬುಡದಲ್ಲಿ ನಿಂತು ವಾಪಸ್ ಹೋಗಿ ಅಂದರೆ ಯಾರೂ ಕೇಳುವುದಿಲ್ಲ, ಅಷ್ಟು ದೂರ ಬಂದಿರುತ್ತಾರೆ, ಜಗಳವೇ ಆಗುತ್ತದೆ. ಊರು ಮುಟ್ಟುವ ಮೊದಲೇ, ಡಾಂಬರು ರಸ್ತೆಯಿಂದ ನಮ್ಮ ದಾರಿ ಒಡೆಯುವ ಕಡೆ ಒಂದು ಹಳೆಯ ಕಾಫಿ ಕಣ ಇತ್ತು, ಬಳಕೆ ಇರಲಿಲ್ಲ. ಮಾಲೀಕರ ಜೊತೆ ಮಾತಾಡಿ ಬಾಡಿಗೆಗೆ ಪಡೆದು ಪಂಚಾಯಿತಿಯಿಂದ ಪಾರ್ಕಿಂಗ್ ಮಾಡಿಸಿದೆವು. ನೆಲ ಮೊದಲೇ ಗಟ್ಟಿ ಇದ್ದುದರಿಂದ ಮಳೆಗಾಲದಲ್ಲೂ ಕೆಸರಿಲ್ಲ. ಸುಣ್ಣದ ಗೆರೆ ಎಳೆದು 30 ಜಾಗ ಗುರುತು ಮಾಡಿದೆವು. ಜಾಗ ತುಂಬಿದರೆ ತುಂಬಿತು, ಅಷ್ಟೇ. ಹಿಂದಿನ ದಿನವೇ ಫೋನಿನಲ್ಲೋ ವಾಟ್ಸಾಪಿನಲ್ಲೋ ಜಾಗ ಹಿಡಿಯಬೇಕು. ಅರಣ್ಯ ಇಲಾಖೆಯ ಟಿಕೆಟ್ ಬೇರೆ, ಅದನ್ನು ಆನ್‌ಲೈನಿನಲ್ಲೇ ಪಡೆಯಬೇಕು. ಎರಡೂ ಸಂಖ್ಯೆ ಒಂದಕ್ಕೊಂದು ಹೊಂದಬೇಕು ಅಂತ ನಾವು ಪಟ್ಟು ಹಿಡಿದು ಕೂತೆವು. ಅದಕ್ಕೆ ತುಂಬಾ ಓಡಾಡಬೇಕಾಯಿತು. ಆದರೂ ಇದನ್ನು ಬಿಡಬೇಡಿ. ಟಿಕೆಟ್ ಒಂದು ಸಂಖ್ಯೆ ಹೇಳಿ ಪಾರ್ಕಿಂಗ್ ಇನ್ನೊಂದು ಹೇಳಿದರೆ ಮಧ್ಯೆ ಸಿಕ್ಕಿಕೊಳ್ಳುವವರು ಊರಿನವರೇ.

ಕಣದಿಂದ ಬೆಟ್ಟದ ಬುಡಕ್ಕೆ ನಡೆಯಬಹುದು, ಇಲ್ಲವೇ ಊರಿನ ಜೀಪಿನಲ್ಲಿ ಹೋಗಬಹುದು. ಜೀಪು ಇಟ್ಟುಕೊಂಡವರಿಗೆ ಸರದಿ ಪಟ್ಟಿ ಮಾಡಿದ್ದೇವೆ. ಮೊದಲು ಇವರೇ ನಮ್ಮ ಯೋಜನೆಗೆ ಜೋರಾಗಿ ಅಡ್ಡ ನಿಂತವರು. ಹುಲ್ಲಿನ ಮೇಲೆ ತುದಿಯವರೆಗೂ ಜೀಪು ಹತ್ತಿಸುತ್ತಿದ್ದರು, ಅದರಲ್ಲಿ ದುಡ್ಡು ಚೆನ್ನಾಗಿತ್ತು. ಹುಲ್ಲುಬೆಟ್ಟದ ಮೇಲೆ ಚಕ್ರ ಓಡಿದ ಜಾಗ ಒಂದೇ ಮಳೆಗೆ ಕಾಲುವೆ ಆಗುತ್ತದೆ. ಹಿಂದಿನ ವರ್ಷದ ಎರಡು ಚಕ್ರದ ಗುರುತು ಆ ವರ್ಷ ಸೊಂಟದ ಆಳದ ಕೊರಕಲು ಆಗಿತ್ತು. ಅವರನ್ನೇ ಅಲ್ಲಿಗೆ ಕರೆದುಕೊಂಡು ಹೋಗಿ ತೋರಿಸಿದೆವು. ಆ ಕೊರಕಲಿನ ಮಣ್ಣು ಇಳಿದಿದ್ದು ಅವರಲ್ಲೇ ಒಬ್ಬರ ಗದ್ದೆಗೆ. "ಸರಿ ಅಕ್ಕಾ, ಮೇಲೆ ಹತ್ತಿಸಲ್ಲ. ಆದ್ರೆ ಕೆಳಗೆ ನಮ್ಗೆ ಕೆಲ್ಸ ಇರ್ಬೇಕು" ಅಂದರು. ನ್ಯಾಯವಾದ ಮಾತು. ಕೆಲಸ ಕಿತ್ತುಕೊಂಡು ನಿಯಮ ಮಾಡಿದರೆ ರಾತ್ರಿ ಹೊತ್ತು ಆ ನಿಯಮ ಮುರಿಯುತ್ತದೆ.

ನೀರಿನ ವಿಷಯಕ್ಕೆ ಬರುತ್ತೇನೆ. ನೂರು ಇಂಚು ಮಳೆ ಬೀಳುವ ಊರಿನಲ್ಲಿ ನೀರಿಗೇನು ಕೊರತೆ ಅಂತ ಹೊರಗಿನವರು ಕೇಳುತ್ತಾರೆ. ಮಳೆಯೆಲ್ಲ ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಫೆಬ್ರವರಿ, ಮಾರ್ಚ್ ಬಂತೆಂದರೆ ಕಾಫಿ ಹೂ ಅರಳಿಸುವ ಹೂಮಳೆ ತಡವಾದ ತೋಟಗಳಲ್ಲಿ ಸ್ಪ್ರಿಂಕ್ಲರ್ ತಿರುಗಲು ಶುರುವಾಗುತ್ತದೆ, ಹಳ್ಳ ಬತ್ತುತ್ತದೆ, ಬೆಟ್ಟದಿಂದ ಇಳಿಯುವ ಅಬ್ಬಿ ನೀರು ದಾರದಷ್ಟು ಬರುತ್ತದೆ. ಅದರ ಬೆನ್ನಿಗೇ ಏಪ್ರಿಲ್‌ನಲ್ಲಿ ಮಕ್ಕಳ ರಜೆ, ಹೋಂಸ್ಟೇಗಳು ಭರ್ತಿ. ಲೆಕ್ಕ ಹೀಗಿದೆ. ಹಳ್ಳಿಯ ಮನೆಗಳಿಗೆ ನಲ್ಲಿ ನೀರು ಕೊಡುವ ಜಲ ಜೀವನ್ ಮಿಷನ್ ಒಬ್ಬರಿಗೆ ದಿನಕ್ಕೆ 55 ಲೀಟರ್ ಅಂತ ಯೋಜನೆ ಹಾಕುತ್ತದೆ. ಹೋಟೆಲಿನಲ್ಲಿ ಉಳಿಯುವವರಿಗೆ ಎಂಜಿನಿಯರುಗಳು ಹಿಡಿಯುವ ಲೆಕ್ಕ ತಲೆಗೆ 180 ಲೀಟರ್. ಹತ್ತು ಜನ ಅತಿಥಿಗಳಿಗೆ 1,800 ಲೀಟರ್. ಊರಿನ 32 ಜನರ ಪಾಲು ಅದು. ಗ್ರಾಮಸಭೆಯಲ್ಲಿ ಈ ಒಂದು ಲೆಕ್ಕ ಹೇಳಿದಾಗ ಹೋಂಸ್ಟೇ ನಡೆಸುವ ನಾವೆಲ್ಲ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಆಮೇಲೆ ಬಾವಿಗೆ ಹಗ್ಗ ಕಟ್ಟಿದೆವು. ಊರಿನ ಮೂರು ಬಾವಿಗಳನ್ನು ಆರಿಸಿಕೊಂಡೆವು: ಮೇಲಿನ ಕೇರಿಯದು, ಲೈನ್ ಮನೆಗಳ ಹತ್ತಿರದ್ದು, ಹೋಂಸ್ಟೇಗಳ ನಡುವಿನದು. ನೈಲಾನ್ ಹಗ್ಗದ ತುದಿಗೆ ಕಲ್ಲು, ಅಡಿಗೊಂದು ಬಣ್ಣದ ಗುರುತು. ತಿಂಗಳ ಒಂದನೇ ತಾರೀಕು ಬೆಳಗ್ಗೆ, ಯಾರೂ ನೀರು ಎತ್ತುವ ಮೊದಲು, ಹೈಸ್ಕೂಲಿನ ಮಕ್ಕಳು ಹಗ್ಗ ಇಳಿಸುತ್ತಾರೆ. ಕಲ್ಲು ನೀರು ಮುಟ್ಟಿದ ಸದ್ದು ಕೇಳಿದೊಡನೆ ಹಗ್ಗ ನಿಲ್ಲಿಸುತ್ತಾರೆ. ಕಟ್ಟೆಯ ಅಂಚಿಗೆ ಬಂದ ಗುರುತನ್ನು ಓದಿ ಪುಸ್ತಕದಲ್ಲಿ ಬರೆಯುತ್ತಾರೆ. ಪುಸ್ತಕ ಡೇರಿಯಲ್ಲಿ ತೂಗುಹಾಕಿದೆ, ಯಾರು ಬೇಕಾದರೂ ನೋಡಬಹುದು. ಮೂರರಲ್ಲಿ ಯಾವ ಬಾವಿಯ ನೀರು ಕೆಂಪು ಗುರುತಿಗಿಂತ ಕೆಳಗೆ ಇಳಿದರೂ ಊರಿನ ಎಲ್ಲ ಹೋಂಸ್ಟೇಗಳು ಅರ್ಧ ಕೋಣೆ ಮುಚ್ಚಬೇಕು, ಮಳೆ ಹಿಡಿಯುವ ತನಕ. ಲೈನ್ ಮನೆ ಬಾವಿಯನ್ನು ಪಟ್ಟಿಗೆ ಸೇರಿಸಿದ್ದು ತುಂಬಾ ಮುಖ್ಯ. ಅದು ಸ್ವಲ್ಪ ಎತ್ತರದಲ್ಲಿದೆ, ಮೊದಲು ಬತ್ತುವುದು ಅದೇ. ಹೋಂಸ್ಟೇಯವರ ಬಾವಿ ನೋಡಿ ತೀರ್ಮಾನ ಮಾಡಿದ್ದರೆ ಲೈನಿನವರ ಕೊಡ ಖಾಲಿಯಾಗಿದ್ದು ನಮಗೆ ಗೊತ್ತೇ ಆಗುತ್ತಿರಲಿಲ್ಲ.

ಕಕ್ಕಸಿನ ಗುಂಡಿಯೂ ಇದೇ ನೀರಿನ ಮಾತು. ಮಲೆನಾಡಿನಲ್ಲಿ ಮಳೆಗಾಲಕ್ಕೆ ಅಂತರ್ಜಲ ನೆಲದ ಹತ್ತಿರ ಬರುತ್ತದೆ. ಆಳದ ಒಂದೇ ಗುಂಡಿ ತೋಡಿದರೆ ಅದು ನೇರ ಬಾವಿಗೆ ಸೇರಿತು ಅಂತಲೇ ತಿಳಿಯಬೇಕು. ಪಾರ್ಕಿಂಗ್ ಹತ್ತಿರದ ಕಕ್ಕಸುಗಳಿಗೆ ಆಳ ಕಡಿಮೆ ಇರುವ ಜೋಡಿ ಗುಂಡಿ ಮಾಡಿಸಿ, ಬಾವಿ ಮತ್ತು ಹಳ್ಳದಿಂದ ದೂರ, ಇಳಿಜಾರಿನ ಕೆಳಗೆ ಇಟ್ಟೆವು. ಒಂದು ತುಂಬಿದರೆ ಇನ್ನೊಂದಕ್ಕೆ ತಿರುಗಿಸುವುದು.

ನನಗೆ ಎಲ್ಲಕ್ಕಿಂತ ಇಷ್ಟದ ಕೆಲಸ ದಾರಿ ದುರಸ್ತಿ. ಹುಲ್ಲುಬೆಟ್ಟದ ಕಾಲುದಾರಿ ಹೇಗೆ ಹಾಳಾಗುತ್ತದೆ ಅಂತ ನಿಧಾನವಾಗಿ ನೋಡಬೇಕು. ಮಳೆನೀರು ದಾರಿಯಲ್ಲೇ ಹರಿಯುತ್ತದೆ, ನಡುವೆ ಕೆಸರಾಗುತ್ತದೆ. ಬಂದವರು ಶೂ ಕೆಡಬಾರದು ಅಂತ ಪಕ್ಕದ ಹುಲ್ಲಿನ ಮೇಲೆ ಕಾಲಿಡುತ್ತಾರೆ. ಆ ಹುಲ್ಲು ಸಾಯುತ್ತದೆ, ಅಲ್ಲೂ ಕೆಸರು. ಮತ್ತೆ ಅದರ ಪಕ್ಕಕ್ಕೆ. ಒಂದು ಮೊಳದ ದಾರಿ ಎರಡು ಮಾರು ಆಗುವುದು ಹೀಗೆ. ಕಂಬ ನೆಟ್ಟು ಹಗ್ಗ ಕಟ್ಟಿದರೆ ಇದು ನಿಲ್ಲುವುದಿಲ್ಲ. ನೀರನ್ನು ದಾರಿಯಿಂದ ಹೊರಗೆ ಹಾಕಿದರೆ ನಿಲ್ಲುತ್ತದೆ.

ಇದಕ್ಕೆ ತರಬೇತಿ ಕೊಡುವವರನ್ನು ಹುಡುಕಿಕೊಂಡು ಹೋಗಬೇಕಾಗಿರಲಿಲ್ಲ. ತೋಟಗಳಲ್ಲಿ ಮಳೆನೀರು ಇಂಗಿಸುವ ತೊಟ್ಟಿಲು ಗುಂಡಿ ತೋಡಿ, ಚರಂಡಿ ಎತ್ತಿ ಜೀವನ ಕಳೆದ ಹಿರಿಯರು ಲೈನಿನಲ್ಲೇ ಇದ್ದರು. ಮಳೆನೀರು ಇಳಿಜಾರಿನಲ್ಲಿ ಎಲ್ಲಿ ಓಡುತ್ತದೆ, ಎಲ್ಲಿ ನಿಲ್ಲುತ್ತದೆ ಅಂತ ಅವರಿಗೆ ಕಣ್ಣಳತೆಯಲ್ಲೇ ಗೊತ್ತು. ಮೇ ತಿಂಗಳಲ್ಲಿ ಅವರ ಹಿಂದೆ ನಾವು ಬೆಟ್ಟ ಹತ್ತಿದೆವು. ದಾರಿಗೆ ಅಡ್ಡವಾಗಿ, ಓರೆಯಾಗಿ, ಚಪ್ಪಟೆ ಕಲ್ಲುಗಳನ್ನು ಸಾಲಾಗಿ ನೆಡಬೇಕು. ಮುಕ್ಕಾಲು ಪಾಲು ಕಲ್ಲು ನೆಲದ ಒಳಗೆ, ನಾಲ್ಕು ಬೆರಳು ಮಾತ್ರ ಮೇಲೆ. ನೇರ ಅಡ್ಡ ಇಟ್ಟರೆ ನೀರು ಅಲ್ಲೇ ನಿಂತು ಕಲ್ಲನ್ನೇ ಎಬ್ಬಿಸುತ್ತದೆ. ಓರೆ ಇಟ್ಟರೆ ಜಾರಿಕೊಂಡು ಪಕ್ಕದ ಹುಲ್ಲಿಗೆ ಹೋಗುತ್ತದೆ. ಹೊರಹೋಗುವ ಬಾಯಿಗೆ ಸಣ್ಣ ಕಲ್ಲು ಹಾಸಬೇಕು, ಇಲ್ಲದಿದ್ದರೆ ಅಲ್ಲೊಂದು ಹೊಸ ಕೊರಕಲು. ಇಳಿಜಾರು ಜಾಸ್ತಿ ಇದ್ದ ಕಡೆ ಸಾಲುಗಳು ಹತ್ತಿರ ಹತ್ತಿರ. "ಒಂದು ಸಾಲು ನೋಡ್ಕೊಂಡು ಇನ್ನೊಂದು ಇಡ್ಬೇಕು ಕಣವ್ವ, ಅಳ್ತೆ ಪಟ್ಟಿ ನೋಡ್ಕೊಂಡಲ್ಲ" ಅಂತ ಒಬ್ಬ ಅಜ್ಜ ಹೇಳಿಕೊಟ್ಟರು. ಮಳೆಗಾಲದಲ್ಲಿ ವಾರಕ್ಕೊಮ್ಮೆ ಯಾರಾದರೂ ಗುದ್ದಲಿ ಹಿಡಿದು ಹೋಗಿ ಕಲ್ಲಿನ ಹಿಂದೆ ಸೇರಿದ ಮಣ್ಣು ತೆಗೆಯಬೇಕು. ಇಂಬಳ (ಕಾಡು ಜಿಗಣೆ) ಹತ್ತುತ್ತವೆ, ಬೇರೆ ದಾರಿ ಇಲ್ಲ. ಈ ಕೆಲಸಕ್ಕೆ ತೋಟದ ಕೂಲಿಗಿಂತ ಜಾಸ್ತಿ ಕೊಡುತ್ತೇವೆ. ಎರಡು ಮಳೆಗಾಲ ಕಳೆದ ಮೇಲೆ ಸತ್ತ ಅಂಚುಗಳಲ್ಲಿ ಹುಲ್ಲು ಮತ್ತೆ ಬಂತು.

ಕಸದ ವಿಷಯದಲ್ಲಿ ಲೈನಿನ ಒಬ್ಬ ಹೆಂಗಸು ಸಭೆಯಲ್ಲಿ ಎದ್ದು ಹೇಳಿದ ಮಾತು ನನಗೆ ಮರೆತಿಲ್ಲ. "ಅಕ್ಕಾ, ದುಡ್ಡು ನಿಮ್ಗೆ. ಬಾಟ್ಲಿ ಚೂರು ನಮ್ ಕಾಲಿಗೆ." ನಿಜ. ಕುಡಿದು ಎಸೆದ ಬಾಟಲಿ ಒಡೆದು ಬೀಳುವುದು ಅವರು ಹುಲ್ಲಿಗೆ, ಸೌದೆಗೆ ಓಡಾಡುವ ಜಾಗದಲ್ಲಿ. ಅವತ್ತೇ ಎರಡು ತೀರ್ಮಾನ ಆಯಿತು. ಗಾಜಿನ ಬಾಟಲಿ ಕಣದಿಂದ ಮುಂದೆ ಹೋಗುವ ಹಾಗಿಲ್ಲ. ಪ್ಲಾಸ್ಟಿಕ್ಕಿಗೆ ಠೇವಣಿ. ಮೈಸೂರು ಮೃಗಾಲಯದಲ್ಲಿ ನೀರಿನ ಬಾಟಲಿಗೆ ಚೀಟಿ ಅಂಟಿಸಿ ದುಡ್ಡು ತೆಗೆದುಕೊಂಡು, ಹೊರಗೆ ಬರುವಾಗ ವಾಪಸ್ ಕೊಡುವುದನ್ನು ಎಷ್ಟೋ ಜನ ನೋಡಿರುತ್ತೀರಿ. ನೀಲಗಿರಿಯಲ್ಲಿ 2022ರಿಂದ ಮದ್ಯದ ಬಾಟಲಿಗೂ 10 ರೂಪಾಯಿ ಹೀಗೇ ಹಿಡಿಯುತ್ತಾರೆ. ನಮ್ಮಲ್ಲಿ ಬ್ಯಾಗಿನಲ್ಲಿರುವ ಬಾಟಲಿ, ಚಿಪ್ಸ್ ಪೊಟ್ಟಣ ಎಣಿಸಿ ಚೀಟಿಯಲ್ಲಿ ಬರೆಯುತ್ತೇವೆ. ಕೆಳಗೆ ಬಂದಾಗ ಅಷ್ಟೇ ತೋರಿಸಿದರೆ ದುಡ್ಡು ವಾಪಸ್.

ಪೊಟ್ಟಣದ ಬಗ್ಗೆ ಇನ್ನೊಂದು ಮಾತು. ಬಾಟಲಿ, ರಟ್ಟು, ತಗಡು ಗುಜರಿಯವರು ಕೊಳ್ಳುತ್ತಾರೆ. ಒಳಗೆ ಬೆಳ್ಳಿ ಬಣ್ಣ ಇರುವ ಚಿಪ್ಸ್ ಪೊಟ್ಟಣವನ್ನು ಯಾರೂ ಕೊಳ್ಳುವುದಿಲ್ಲ. ಅದು ಊರಿನಲ್ಲೇ ಉಳಿಯುತ್ತದೆ, ಕೊನೆಗೆ ಯಾರೋ ಸುಡುತ್ತಾರೆ. ಹಾಗಾಗಿ ಬರದೇ ಇರುವ ಹಾಗೆ ನೋಡಿಕೊಳ್ಳುವುದೇ ದಾರಿ. ಬೆಟ್ಟದ ಬುಡದ ಅಂಗಡಿಯವರ ಜೊತೆ ಕೂತು ಮಾತಾಡಿದೆವು. ಪೊಟ್ಟಣಗಳ ಬದಲು ಹಲಸಿನ ಹಪ್ಪಳ, ಬೇಯಿಸಿದ ಕಡಲೆಕಾಯಿ, ಕಿತ್ತಳೆ, ಮಜ್ಜಿಗೆ, ಬೆಲ್ಲದ ಕಾಫಿ. ಮೊದಲು ಅನುಮಾನದಿಂದಲೇ ಒಪ್ಪಿಕೊಂಡರು. ಪೊಟ್ಟಣ ಮಾರಿದರೆ ಸಿಗುವುದು ಚಿಲ್ಲರೆ ಕಮಿಷನ್. ಕಾಫಿ ಕಾಸಿ ಕೊಟ್ಟರೆ ಪೂರ್ತಿ ದುಡಿಮೆ ಅವರದ್ದೇ. ಈಗ ಅವರೇ ಬೇರೆ ಅಂಗಡಿಯವರಿಗೆ ಹೇಳುತ್ತಾರೆ. ಉಳಿದ ಒಣಕಸವನ್ನು ಊರಿನ ಸ್ವಸಹಾಯ ಸಂಘದ ಹೆಂಗಸರು ಬೇರೆ ಮಾಡಿ, ಪಂಚಾಯಿತಿಯ ಕಸದ ಗಾಡಿ ಸ್ವಚ್ಛ ವಾಹಿನಿಗೆ ಹಾಕುತ್ತಾರೆ.

ದುಡ್ಡಿನ ಹಂಚಿಕೆ ಬಗ್ಗೆ ಬಿಚ್ಚಿ ಮಾತಾಡದಿದ್ದರೆ ಯಾವ ಯೋಜನೆಯೂ ಉಳಿಯುವುದಿಲ್ಲ. ಹೋಂಸ್ಟೇ ಇರುವುದು ಜಾಗ, ಮನೆ ಇದ್ದವರಿಗೆ ಮಾತ್ರ. ಗಾಡಿಯ ಧೂಳು, ಗಲಾಟೆ, ನೀರಿನ ಕಷ್ಟ ಎಲ್ಲರಿಗೂ. ಅದಕ್ಕೆ ಪಾರ್ಕಿಂಗ್ ಶುಲ್ಕ ಯಾವ ಒಬ್ಬರ ಕೈಗೂ ಹೋಗದೆ ಪಂಚಾಯಿತಿ ಖಾತೆಗೆ ಹೋಗುತ್ತದೆ. ಅದರಿಂದ ಮೊದಲು ಕಸ ಬೇರೆ ಮಾಡುವವರ ಮತ್ತು ದಾರಿ ನೋಡಿಕೊಳ್ಳುವವರ ಕೂಲಿ, ಆಮೇಲೆ ಕಕ್ಕಸಿನ ಖರ್ಚು, ಆಮೇಲೆ ಮಿಕ್ಕಿದ್ದು. ಕೇರಳದ ಕುಮರಕೋಮ್‌ನಲ್ಲಿ 2008ರಲ್ಲಿ ಜವಾಬ್ದಾರಿಯುತ ಪ್ರವಾಸೋದ್ಯಮ ಶುರು ಮಾಡಿದಾಗ ಅಲ್ಲಿನ ಹೋಟೆಲುಗಳು ತರಕಾರಿಯನ್ನು ಊರಿನ ಕುಟುಂಬಶ್ರೀ ಸ್ವಸಹಾಯ ಸಂಘಗಳ ಹೆಂಗಸರಿಂದಲೇ ಕೊಳ್ಳುವ ಏರ್ಪಾಡು ಮಾಡಿಕೊಂಡರು. ಅದರಿಂದ ನಾವು ಕಲಿತದ್ದು ಜಾಸ್ತಿ. ನಮ್ಮ ಹೋಂಸ್ಟೇಗಳಿಗೆ ಸೊಪ್ಪು, ಮೊಟ್ಟೆ, ಉಪ್ಪಿನಕಾಯಿ, ಅಕ್ಕಿ ರೊಟ್ಟಿ, ಕಡುಬು ಸಂಘದ ಮನೆಗಳಿಂದ ಬರುತ್ತದೆ. ಕೆಸುವಿನ ಕಾಲದಲ್ಲಿ ಪತ್ರೊಡೆ, ಮಳೆಗಾಲದ ಶುರುವಿನಲ್ಲಿ ಕಳಲೆ ಪಲ್ಯ. ಬೆಲೆಯನ್ನು ವರ್ಷಕ್ಕೊಮ್ಮೆ ಎಲ್ಲರೂ ಕೂತು ನಿಗದಿ ಮಾಡುತ್ತೇವೆ. ಅತಿಥಿ ಕಮ್ಮಿ ಇದ್ದಾರೆ ಅಂತ ನಡುವೆ ಚೌಕಾಸಿ ಮಾಡುವ ಹಾಗಿಲ್ಲ. ಗೈಡ್ ಹುಡುಗರಿಗೂ ಸರದಿ ಇದೆ, ಹತ್ತು ಜನಕ್ಕೆ ಒಬ್ಬ. ಬೆಳ್ತಂಗಡಿ ತಾಲೂಕಿನ ಕುತ್ಲೂರಿಗೆ 2024ರಲ್ಲಿ ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಅತ್ಯುತ್ತಮ ಪ್ರವಾಸಿ ಗ್ರಾಮ ಪ್ರಶಸ್ತಿ, ಸಾಹಸ ವಿಭಾಗದಲ್ಲಿ, ಬಂದಾಗ ನಮ್ಮ ಹುಡುಗರಿಗೆ ತುಂಬಾ ಹುಮ್ಮಸ್ಸು ಬಂತು. ಕುದುರೆಮುಖ ಕಾಡಿನ ಆ ಬದಿಯ ಊರಿಗೆ ಆಗುವುದಾದರೆ ಈ ಬದಿಯ ನಮಗೆ ಯಾಕೆ ಆಗಬಾರದು, ಅಲ್ವಾ?

ಇನ್ನು ಕೆಲವು ನಿಯಮ ಸಣ್ಣವು. ಸಂಜೆ 5ರ ಒಳಗೆ ಎಲ್ಲರೂ ಬೆಟ್ಟ ಇಳಿದಿರಬೇಕು, ಆನೆ ಓಡಾಡುವ ಜಾಗ. ರಾತ್ರಿ 10ರ ಮೇಲೆ ಧ್ವನಿವರ್ಧಕ ಇಲ್ಲ. ಅದು ಹೇಗೂ 2000ದ ಶಬ್ದ ಮಾಲಿನ್ಯ ನಿಯಮದಲ್ಲೇ ಇದೆ, ನಾವು ಜಾರಿ ಮಾಡಿದ್ದೇವೆ ಅಷ್ಟೇ. ಫೆಬ್ರವರಿಯಿಂದ ಮಳೆ ಬೀಳುವ ತನಕ ಕ್ಯಾಂಪ್‌ಫೈರ್ ಇಲ್ಲ, ಒಣಹುಲ್ಲಿಗೆ ಒಂದು ಕಿಡಿ ಸಾಕು. ಮುಂಗಾರಿನ ಮೊದಲು ಮಿಂಚುಹುಳ ಬರುವ ವಾರಗಳಲ್ಲಿ ಅಂಗಳದ ದೊಡ್ಡ ದೀಪಗಳನ್ನು ಆರಿಸುತ್ತೇವೆ. ಬೆಳಕು ಇದ್ದರೆ ಅವು ಒಂದನ್ನೊಂದು ಹುಡುಕಲಾರವು. ಊರಿನ ಸುಗ್ಗಿ ಹಬ್ಬಕ್ಕೆ ಸಾರು ಹಾಕಿದ (ಊರಿಗೆಲ್ಲ ಸಾರಿ ಹೇಳಿದ) ಮೇಲೆ ಹಬ್ಬ ಮುಗಿಯುವ ತನಕ ಬೆಟ್ಟ ಮುಚ್ಚಿರುತ್ತದೆ. ಆ ದಿನಗಳಲ್ಲಿ ನಾವು ಹಸಿ ಗಿಡಮರ ಕಡಿಯುವುದಿಲ್ಲ, ಅಡಿಗೆಗೆ ಒಗ್ಗರಣೆಯನ್ನೂ ಹಾಕುವುದಿಲ್ಲ. ಹೋಂಸ್ಟೇಗೆ ಬಂದವರೂ ಹಾಗೇ ಊಟ ಮಾಡುತ್ತಾರೆ. ಯಾರೂ ಬೇಸರ ಮಾಡಿಕೊಂಡಿಲ್ಲ. ಮುಂಚೆಯೇ ಹೇಳಿರಬೇಕು, ಅಷ್ಟೇ.

ಸಂಖ್ಯೆ ಒಮ್ಮೆ ಹಾಕಿದರೆ ಮುಗಿಯಿತು ಅಂತಲ್ಲ. ಅಮೆರಿಕದ ಅರಣ್ಯ ಸೇವೆಯವರು 1985ರಲ್ಲಿ ಇನ್ನೊಂದು ಬಗೆಯ ಯೋಚನೆ ಮುಂದಿಟ್ಟರು. ಎಷ್ಟು ಜನ ಅಂತ ಕೇಳುವುದರ ಬದಲು, ಎಷ್ಟು ಬದಲಾವಣೆಯನ್ನು ನಾವು ಒಪ್ಪುತ್ತೇವೆ ಅಂತ ಕೇಳಿಕೊಳ್ಳಿ ಅಂದರು. ನಾವು ಆ ಪ್ರಶ್ನೆಯನ್ನು ಊರಿಗೆ ಹೊಂದಿಸಿಕೊಂಡೆವು. ದಾರಿಯ ಅಗಲ ಇಷ್ಟಕ್ಕಿಂತ ಜಾಸ್ತಿ ಆಗಬಾರದು, ಬಾವಿ ಆ ಗುರುತಿಗಿಂತ ಇಳಿಯಬಾರದು, ಗುಡಿಯ ತಿರುವಿನಲ್ಲಿ ಹಾಲಿನ ವ್ಯಾನು ಸಿಕ್ಕಿಕೊಂಡು ನಿಲ್ಲಬಾರದು. ದಾರಿಯ ಪಕ್ಕ ಕೆಲವು ಬಂಡೆಗಳ ಮೇಲೆ ಬಣ್ಣದ ಚುಕ್ಕಿ ಇಟ್ಟಿದ್ದೇವೆ. ಮಳೆಗೆ ಮೊದಲು ಮತ್ತು ಮಳೆ ನಿಂತ ಮೇಲೆ, ಅದೇ ಚುಕ್ಕಿಯ ಹತ್ತಿರ ನಿಂತು ಅದೇ ಕಡೆಗೆ ಫೋಟೊ ತೆಗೆಯುತ್ತೇವೆ. ಎರಡನ್ನೂ ಪಕ್ಕಪಕ್ಕ ಇಟ್ಟರೆ ವಾದ ಮಾಡುವ ಅಗತ್ಯವೇ ಇರುವುದಿಲ್ಲ. ಒಂದು ವರ್ಷ ಮೇಲಿನ ಇಳಿಜಾರು ಕೆಟ್ಟಿದ್ದು ಫೋಟೊದಲ್ಲಿ ಕಂಡಿತು. ಮರುವರ್ಷ 30 ಜಾಗದ ಬದಲು 24 ಗೆರೆ ಮಾತ್ರ ಎಳೆದೆವು. ಹುಲ್ಲು ಬಂದ ಮೇಲೆ ಮತ್ತೆ 30.

ಈಗ ನಮ್ಮ ಮುಂದಿರುವುದು ರಸ್ತೆಯ ವಿಷಯ. ಗುಡಿಯ ಹತ್ತಿರದ ತಿರುವನ್ನು ಅಗಲ ಮಾಡಿ, ಬೆಟ್ಟದ ಬುಡದವರೆಗೆ ಕಾಂಕ್ರೀಟ್ ರಸ್ತೆ, ಅಲ್ಲೇ ದೊಡ್ಡ ಪಾರ್ಕಿಂಗ್ ಮಾಡುವ ಪ್ರಸ್ತಾವ ಬಂದಿದೆ. ಊರಿನಲ್ಲಿ ಎರಡು ಅಭಿಪ್ರಾಯ ಇದೆ, ಇರಬೇಕಾದ್ದೇ. ಆಂಬುಲೆನ್ಸ್ ಬರಲು ತಿರುವು ಅಗಲ ಆಗಲಿ ಅನ್ನುವವರ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ. ಬಾಣಂತಿಯನ್ನು ಕುರ್ಚಿಯಲ್ಲಿ ಹೊತ್ತ ಊರು ನಮ್ಮದು. ಬುಡದ ಪಾರ್ಕಿಂಗಿಗೆ ಮಾತ್ರ ನಾನು ಒಪ್ಪುವುದಿಲ್ಲ. ಅಲ್ಲಿ 200 ಕಾರು ನಿಲ್ಲಿಸಲು ಜಾಗ ಮಾಡಿದರೆ ದಿನಕ್ಕೆ 800 ಜನ. ಅವರಿಗೆ ಬೇಕಾದ ನೀರು ಯಾವ ಬಾವಿಯಲ್ಲಿದೆ? ತಿರುವು ಬೇರೆ, ಪಾರ್ಕಿಂಗ್ ಬೇರೆ ಅಂತ ಎರಡು ನಿರ್ಣಯ ಮಾಡಿ ಅಂತ ಕೇಳಿದ್ದೇವೆ. ಮಳೆಗೆ ಮೊದಲು ಗ್ರಾಮಸಭೆ ಇದೆ. ಡೇರಿಯಿಂದ ಬಾವಿ ಪುಸ್ತಕ ತರುವಂತೆ ಹೈಸ್ಕೂಲು ಮಕ್ಕಳಿಗೆ ಹೇಳಿದ್ದೇನೆ. ಓದಿ ಹೇಳುವವರೂ ಅವರೇ.